ಎಮ್ಮೆಯ ಪಾಲು

ನಮ್ಮೂರಿನಲ್ಲಿ ಯಾರಾದರೂ ಹಸಿವು ಎಂದರೆ ಊಟ ಆಯಿತೇ ಎಂದು ಕೇಳುವುದಿಲ್ಲ, ಜೌಗಿನ ಕಡೆ ಹೋಗಿ ನೋಡಿದಿರಾ ಎಂದು ಕೇಳುತ್ತಾರೆ. ಊಟ ಆಗಿದೆಯೋ ಇಲ್ಲವೋ ನನಗೆ ಹೇಗೂ ಗೊತ್ತಿರುತ್ತದೆ. ಇಡೀ ಊರಿಗೆ ಇರುವುದು ನನ್ನದೊಂದೇ ಮೆಸ್ಸು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು, ಸಂಜೆಗೆ ಏನು ಉಳಿದಿದೆಯೋ ಅದು. ನನ್ನ ಸಾರಿಗೆ ಹೆಸರಿಡುವವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಉಣ್ಣಲು ಬೇರೆ ಜಾಗವಿಲ್ಲದ್ದರಿಂದ ಬಾಯಿ ಮುಚ್ಚಿಕೊಂಡಿದ್ದಾರೆ.

ಊರಿನ ಮೂಡಲಿಗೆ ಜೌಗು. ಅಲ್ಲಿರುವ ಜೀವಗಳಲ್ಲಿ ಒಂದೊಂದು ಒಂದೊಂದು ಮನೆಯ ಪಾಲು. ಹೊಸ ಮನೆಯಲ್ಲಿ ಮೊದಲ ಸಲ ಒಲೆ ಹೊತ್ತಿಸಿ, ಬಾಗಿಲು ತೆರೆದಿಟ್ಟು ಕಾಯಬೇಕು. ಹೊಸ್ತಿಲಿಗೆ ಮೊದಲು ಯಾವುದು ಬರುತ್ತದೋ ಅದೇ ಆ ಮನೆಯ ಪಾಲು. ಆಮೇಲೆ ಆ ಜೀವಕ್ಕೆ ಆದದ್ದೆಲ್ಲ ಆ ಮನೆಯಲ್ಲಿ ಒಬ್ಬರಿಗೆ ಆಗುತ್ತದೆ. ಕಪ್ಪೆ ಪಾಲಿನ ಪುಟ್ಟಮಲ್ಲು ಮಳೆಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾ ಕೂರುತ್ತಾನೆ, ನಾವು ಒಣಹಾಕಿದ ಹಪ್ಪಳ ಎತ್ತಿಕೊಳ್ಳುತ್ತೇವೆ. ಆಮೆ ಪಾಲಿನ ದೇವೀರಮ್ಮ ಚಳಿಗಾಲದಲ್ಲಿ ಜಗಲಿಯ ಬಿಸಿಲಿಗೆ ಕೂತರೆ ಅವಳನ್ನು ಅಲ್ಲಿಂದ ಏಳಿಸುವುದು ಅವಳ ಸೊಸೆಯಂದಿರಿಂದಲೂ ಆಗದ ಕೆಲಸ. ನನಗೂ ನನ್ನ ಗಂಡ ಕರಿಸಿದ್ದಯ್ಯನಿಗೂ ಮದುವೆಯಾಗಿ ಒಲೆ ಹೂಡಿದ ದಿನ ಒಂದು ಮಿಂಚುಳ್ಳಿ ಸರ್ರನೆ ಒಳಗೆ ನುಗ್ಗಿ, ಹೊಸ ಸ್ಟೀಲು ತಟ್ಟೆಯನ್ನು ನೀರೆಂದು ತಿಳಿದು ಕುಕ್ಕಿ, ಮೂತಿ ನೋಯಿಸಿಕೊಂಡು ಹೋಯಿತು. ಅದು ಹಿಡಿದದ್ದು ನನ್ನ ಗಂಡನನ್ನು. ಅಂದಿನಿಂದ ಈ ಮನುಷ್ಯ ಮಾತಿಲ್ಲದೆ ಗಂಟೆಗಟ್ಟಲೆ ಒಂದೇ ಕಡೆ ನೋಡುತ್ತಾ ಕೂರುತ್ತಾರೆ, ತಟ್ಟೆ ಮುಂದೆ ಇಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಮಾತು ಕಡಿಮೆಯ ಗಂಡನೆಂದು ನನ್ನ ಅಕ್ಕತಂಗಿಯರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು.

ಪಾಲಿನ ಜೀವ ಜೌಗು ಬಿಟ್ಟು ಹೋದರೆ ಅದು ಹಿಡಿದವರಿಗೂ ಇಲ್ಲಿ ಕಾಲು ನಿಲ್ಲುವುದಿಲ್ಲ. ಶಾಲೆಯ ಪಕ್ಕದಲ್ಲಿ ಬೀಗ ಜಡಿದ ಒಂದು ಮನೆ ಇದೆ, ಅದು ಹೆಜ್ಜಾರ್ಲೆಯವರ ಮನೆ. ದಂಡೆಯ ದೊಡ್ಡ ಮರಗಳನ್ನು ಕಡಿದ ವರ್ಷ ಗೂಡು ಕಟ್ಟಲು ಹೆಜ್ಜಾರ್ಲೆ ಹಕ್ಕಿಗಳು ಬರಲಿಲ್ಲ. ಆ ಮನೆಯ ಯಜಮಾನ ಅಳುತ್ತಲೇ ಬಸ್ಸು ಹತ್ತಿದ. ಅಕ್ಕಪಕ್ಕದವರು ಕೈ ಹಿಡಿದು ಎಳೆದರೂ ನಿಲ್ಲಲಿಲ್ಲ, ಎಲ್ಲಿಗೆ ಎಂದರೆ ಅವನಿಗೂ ಗೊತ್ತಿರಲಿಲ್ಲ. ನಾನಾಗ ಹೊಸ ಸೊಸೆ, ನೀರು ತರುತ್ತಾ ನಿಂತು ನೋಡಿದ್ದೆ.

ಇಲಾಖೆಯ ಮೇಡಂ ಜಯಶೀಲಾ ಬಂದದ್ದು ಜೌಗನ್ನು ರಕ್ಷಿತ ಪ್ರದೇಶ ಮಾಡುವುದಕ್ಕೆ. ದಂಡೆಯ ಮೇಲಿನ ಕ್ವಾರ್ಟರ್ಸಿನಲ್ಲಿ ಸಾಮಾನು ಇಳಿಸಿ, ನಮ್ಮ ಪದ್ಧತಿಯಂತೆ ಹಾಲು ಉಕ್ಕಿಸಿ, ಬಾಗಿಲು ತೆರೆದಿಟ್ಟು ಚಾಪೆಯ ಮೇಲೆ ಕೂತರು. ಏನು ಬರುತ್ತದೋ ಎಂದು ಅರ್ಧ ಊರು ಕಾಂಪೌಂಡಿನ ಆಚೆ ಸೇರಿತ್ತು. ಬಂದದ್ದು ದೇವೀರಮ್ಮನ ಎಮ್ಮೆ. ಹಗ್ಗ ಕಿತ್ತುಕೊಂಡು ಬಂದು, ಹೊಸ್ತಿಲಿನ ಮೇಲೆ ಗಲ್ಲವಿಟ್ಟು, ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ತೋರಣವನ್ನು ಒಂದು ಕಡೆಯಿಂದ ತಿನ್ನತೊಡಗಿತು. ನಾವು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆವು. ಊರಲ್ಲಿ ಎಮ್ಮೆ ಇಲ್ಲದ ಮನೆ ಯಾವುದಿತ್ತು? ಯಾವ ಮನೆಗೂ ಎಮ್ಮೆ ಪಾಲಾಗಿ ಬಂದದ್ದು ಇರಲಿಲ್ಲ. ಅದು ಜೌಗಿನ ಜೀವವೇ ಅಲ್ಲ, ಕೊಟ್ಟಿಗೆಯದು, ಕೊರಳಲ್ಲಿ ಗಂಟೆ ಇದೆ.

"ಇದು ಲೆಕ್ಕುಕ್ಕಿಲ್ಲ ಮೇಡಂ," ಎಂದಳು ದೇವೀರಮ್ಮ, ಎಮ್ಮೆಯ ಮೂಗು ಹಿಡಿದು ಎಳೆಯುತ್ತಾ. "ಇನ್ನೊಂದು ಬತ್ತದೆ, ಕಾಯಿರಿ."

ಮೇಡಂ ಸಂಜೆವರೆಗೂ ಕಾದರು. ಒಂದು ಏಡಿಯೂ ಬರಲಿಲ್ಲ. "ಹೊರಗಿನವಳಲ್ಲವಾ, ನಂಗೆ ಪಾಲು ಇಲ್ಲ ಅನ್ಸುತ್ತೆ," ಎಂದು ನಗುತ್ತಲೇ ಬಾಗಿಲು ಹಾಕಿಕೊಂಡರು. ನನಗೆ ಪಾಪ ಎನಿಸಿತು, ರಾತ್ರಿ ಊಟಕ್ಕೆ ಒಂದು ಮುದ್ದೆ ಜಾಸ್ತಿ ಕಳಿಸಿದೆ.

ಜೌಗಿನ ಸುತ್ತ ಬೇಲಿ ಹಾಕುವ ವಿಚಾರ ಕೇಳಲು ಮೇಡಂ ಶಾಲೆಯ ಮೈದಾನದಲ್ಲಿ ಸಭೆ ಕರೆದರು. ನಮ್ಮಲ್ಲಿ ಜೌಗಿನ ಮಾತು ಬಂದರೆ ಪಾಲಿನ ಪರವಾಗಿ ಮಾತ್ರ ಬಾಯಿ ತೆರೆಯಬೇಕು. ನಾನು ಇಂಥದರ ಕಡೆಯವಳು ಎಂದು ಹೇಳಿ ಶುರುಮಾಡಬೇಕು, ಕೂರುವ ತನಕ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಸ್ವಂತದ ಲಾಭ ನಷ್ಟ ಅಲ್ಲಿ ಆಡುವ ಹಾಗಿಲ್ಲ. ಮೊದಲು ಎದ್ದವನು ನೀರುನಾಯಿ ಪಾಲಿನ ಹೊಂಬಾಳಯ್ಯ. ಎರಡು ವರ್ಷದ ಹಿಂದೆ ಹೊರಗಿನವರು ರಾತ್ರೋರಾತ್ರಿ ಬಲೆ ಹಾಕಿ ನೀರುನಾಯಿ ಮರಿಗಳು ಸಿಕ್ಕಿಕೊಂಡಾಗ, ಅವನಿಗೆ ಉಸಿರು ಕಟ್ಟಿ ಮುಖ ನೀಲಿಯಾಗಿ, ಮೂರು ಜನ ಎದೆ ಉಜ್ಜಿದ್ದೆವು. "ಬೇಲಿ ಬರ್ಲಿ," ಎಂದ, ಅಷ್ಟೇ. ದೇವೀರಮ್ಮ ಆಮೆಯ ಕಡೆಯಿಂದ ಎದ್ದು, ಮೊಟ್ಟೆ ಬಗೆಯುವವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿ, ಬೇಲಿ ಬರಲಿ ಎಂದಳು. ಬೆಳ್ಳಕ್ಕಿಯವರು ಕವಣೆ ಹಿಡಿದ ಪೋಲಿಗಳ ವಿಷಯ ಎತ್ತಿದರು. ಮಾತಾಡದ ಗಂಡನ ಪರವಾಗಿ ನಾನೇ ಎದ್ದು, ಮಿಂಚುಳ್ಳಿ ಬಿಲಗಳಿರುವ ದಂಡೆಯ ಮಣ್ಣನ್ನು ಇಟ್ಟಿಗೆಗೆಂದು ಅಗೆಯುತ್ತಿದ್ದಾರೆ, ಬೇಲಿ ಬರಲಿ ಎಂದೆ. ಒಬ್ಬರೂ ಬೇಡ ಅನ್ನಲಿಲ್ಲ. ಬೇರೆ ಊರುಗಳಲ್ಲಿ ಕಲ್ಲು ತೂರಿಸಿಕೊಂಡು ಬಂದಿದ್ದ ಮೇಡಂ, ಇಲ್ಲಿ ಕಣ್ಣೊರೆಸಿಕೊಂಡು ಕೈ ಮುಗಿದರು.

ದನ ಎಮ್ಮೆ ಒಳಗೆ ಬಿಡುವಂತಿಲ್ಲ ಎಂಬ ಮಾತನ್ನೂ ಅವರು ಸ್ಪಷ್ಟವಾಗಿಯೇ ಓದಿದ್ದರು. ಎಲ್ಲರಿಗಿಂತ ಹೆಚ್ಚು ಎಮ್ಮೆ ಇದ್ದದ್ದು ದೇವೀರಮ್ಮನಿಗೆ. ಅವಳು ಆಮೆಯ ಕಡೆಯವಳಾಗಿ ಎದ್ದವಳು, ಎಮ್ಮೆಯ ಮಾತು ಅವಳ ಬಾಯಲ್ಲಿ ಬರುವಂತಿರಲಿಲ್ಲ. ನಮ್ಮ ಎಮ್ಮೆಗಳಿಗೆ ಹಿತ್ತಲಲ್ಲಿ ಮೇವು ಹಾಕಿದರಾಯಿತು ಎಂದು ಎಲ್ಲರೂ ಮನೆಗೆ ಹೋದೆವು.

ಬೇಲಿ ಬಂದಿತು, ಬಲೆಗಳು ಹೋದವು. ಹೊಂಬಾಳಯ್ಯ ನೋಡನೋಡುತ್ತಾ ತುಂಬಿಕೊಂಡ. ಹೆಂಡತಿಯ ಜೊತೆ ಬಾವಿಕಟ್ಟೆಯಲ್ಲಿ ನೀರೆರಚಾಡುವಷ್ಟು ಹುರುಪು, ಆ ವಯಸ್ಸಿನಲ್ಲಿ. ಆ ಮುಂಗಾರು ಮುಗಿಯುವವರೆಗೂ ಊರು ಚೆನ್ನಾಗಿಯೇ ಇತ್ತು. ಆಮೇಲೆ ಜೊಂಡು ಏಳಲು ಶುರುವಾಯಿತು. ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಕೊನೆಗೆ ದಂಡೆಯ ಮೇಲೆ ನಿಂತರೆ ನೀರೇ ಕಾಣದಷ್ಟು. ಗಾಳಿ ಬೀಸಿದಾಗ ಇಡೀ ಜೌಗು ಹಸಿರಾಗಿ ತೂಗಾಡುವುದನ್ನು ನೋಡಿ, ಹೊರಗಿನಿಂದ ಬಂದ ಅಧಿಕಾರಿಗಳು ಎಷ್ಟು ಸೊಂಪಾಗಿದೆ ಎಂದು ಮೆಚ್ಚಿ ಫೋಟೊ ತೆಗೆದುಕೊಂಡು ಹೋದರು. ನಮಗೂ ಸೊಂಪಾಗಿಯೇ ಕಂಡಿತು. ಸುಳ್ಳು ಯಾಕೆ ಹೇಳಲಿ?

ನನ್ನ ಗಂಡನಿಗೆ ಹಸಿವು ಹಿಡಿದದ್ದು ಆಗ. ಇಡ್ಲಿ ಬಡಿಸಿದಷ್ಟೂ ತಿನ್ನುವರು, ಮತ್ತೆ ತಟ್ಟೆ ನೋಡುವರು. ಪಾತ್ರೆಯ ತಳ ಕೆರೆದು ಹಾಕಿದರೂ "ಇನ್ನೊಸಿ ಇದ್ದದಾ?" ಎನ್ನುವರು. ಅವರ ಬಾಯಿಂದ ದಿನಕ್ಕೆ ಬರುವ ಒಂದೇ ಮಾತು ಅದಾಯಿತು. ಇಷ್ಟು ತಿಂದರೂ ಕೆನ್ನೆಯ ಮೂಳೆ ಎದ್ದು ಬಂತು, ಅಂಗಿ ಹೆಗಲಿನಿಂದ ಜಾರತೊಡಗಿತು. ಬೆಳ್ಳಕ್ಕಿಯ ಮನೆಯ ಹುಡುಗಿ ಸೊರಗಿದಳು. ದೇವೀರಮ್ಮನಿಗೆ ಬಿಸಿಲಲ್ಲಿ ಕೂತರೂ ಮೈ ಕಾಯುತ್ತಿರಲಿಲ್ಲ. ಹೊಂಬಾಳಯ್ಯ ಮಾತ್ರ ಗುಂಡುಗುಂಡಾಗಿದ್ದ, ಪುಟ್ಟಮಲ್ಲುವಿನ ಗಂಟಲಂತೂ ಮೂರು ಬೀದಿಗೆ ಕೇಳಿಸುತ್ತಿತ್ತು. ಹೀಗಾಗಿ ಊರು ಎರಡಾಯಿತು, ಎರಡೂ ಭಾಗ ಜಗಳವಾಡಲು ಬರುತ್ತಿದ್ದದ್ದು ನನ್ನ ಮೆಸ್ಸಿಗೆ.

"ಬೇಲಿ ಬಂದ್ಮೇಲೇ ಇದೆಲ್ಲ ಆದದ್ದು. ಕಿತ್ತಾಕಿ," ಎಂದೆ ನಾನು, ಹೊಂಬಾಳಯ್ಯನ ಮುಂದೆ ಲೋಟ ಕುಕ್ಕಿ.

"ಕಿತ್ತಾಕು. ನಾಳೀಕೆ ಬಲೆ ಬತ್ತವೆ. ನನ್ನ ಮುಖ ನೀಲಿಗಾದ್ದು ನೋಡಿಲ್ವಾ ಸಣ್ತಾಯಕ್ಕ ನೀನು? ಎದೆ ಉಜ್ಜಿದೋಳು ನೀನೇ ಅಲ್ವಾ?" ಎಂದ ಅವನು.

ನಾನೇ. ಬೇಲಿ ಅವನ ಜೀವ ಉಳಿಸುತ್ತಿತ್ತು, ನನ್ನ ಗಂಡನ ಜೀವ ತೆಗೆಯುತ್ತಿತ್ತು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ನನ್ನ ಇಡ್ಲಿ ತಿನ್ನುತ್ತಿದ್ದರು. ಒಳಗೆ ಹೋಗಿ ಹಿಟ್ಟು ರುಬ್ಬಿದೆ.

ಒಂದು ಬೆಳಿಗ್ಗೆ ಗಂಡ ಮೆಸ್ಸಿಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು, ರಸ್ತೆ ನೋಡುತ್ತಾ. ಬಸ್ಸು ನಮ್ಮೂರಿಗೆ ಬರುವುದು ಸಂತೆಯ ದಿನ ಮಾತ್ರ, ಅಂದು ಸಂತೆಯಿರಲಿಲ್ಲ.

"ಇಲ್ಲೇನ್ ಮಾಡ್ತಾ ಇದ್ದೀರಿ?"

"ಗೊತ್ತಿಲ್ಲ ಕಣೆ. ಕಾಲು ಎಳ್ಕೊಂಡ್ ಬಂತು."

ಕೈ ಹಿಡಿದು ಮನೆಗೆ ಕರೆತಂದೆ. ದಾರಿಯಲ್ಲಿ ಹೆಜ್ಜಾರ್ಲೆಯವರ ಮನೆ ಸಿಕ್ಕಿತು. ಬೀಗಕ್ಕೆ ತುಕ್ಕು ಹಿಡಿದು ಬಾಗಿಲಿನ ಮೇಲೆ ಕೆಂಪಗೆ ಇಳಿದಿತ್ತು. ನಾನು ಆ ಕಡೆ ನೋಡಲೇಬಾರದು ಅಂದುಕೊಂಡೆ, ನೋಡಿದೆ. ಮೂವತ್ತು ವರ್ಷ ಇವರ ಮೌನದ ಪಕ್ಕದಲ್ಲಿ ನಾನೊಬ್ಬಳೇ ಇಬ್ಬರ ಮಾತನ್ನೂ ಆಡಿದ್ದೇನೆ. ಇವರು ಹೋದರೆ ನಾನು ಯಾರಿಗೆ ಬಯ್ಯಲಿ? ಗಂಡನನ್ನು ಜಗಲಿಯ ಮೇಲೆ ಕೂರಿಸಿ, ಸೌಟು ಕೈಯಲ್ಲಿದ್ದ ಹಾಗೆಯೇ ಕ್ವಾರ್ಟರ್ಸಿಗೆ ಹೊರಟೆ. ಮೇಡಂಗೆ ಎರಡು ಮಾತು ಆಡದಿದ್ದರೆ ನನಗೆ ತಲೆ ಸಿಡಿದುಹೋಗುತ್ತಿತ್ತು.

ಮುಂಬಾಗಿಲು ತಟ್ಟಿದರೆ ಉತ್ತರವಿಲ್ಲ. ಹಿತ್ತಲಿಗೆ ಹೋದೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ, ನೈಟಿ ಹಾಕಿಕೊಂಡೇ, ಕತ್ತಿನವರೆಗೂ ನೀರಿನಲ್ಲಿ ಮುಳುಗಿ ಕೂತಿದ್ದರು ಇಲಾಖೆಯ ಮೇಡಂ. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಏನನ್ನೋ ಅಗಿಯುತ್ತಿತ್ತು.

"ಅಯ್ಯೋ, ನೋಡ್ಬೇಡಿ," ಎಂದರು. ಆದರೆ ಏಳಲಿಲ್ಲ. "ಏಳೋಕಾಗಲ್ಲಮ್ಮ. ಬಿಸಿಲು ಏರಿದ್ರೆ ಸಾಕು, ಮೈಯೆಲ್ಲ ಬಿರಿಯುತ್ತೆ, ನೀರಿಗಿಳೀಬೇಕು ಅನ್ಸುತ್ತೆ. ಡಾಕ್ಟ್ರು ಅಲರ್ಜಿ ಅಂತ ಮುಲಾಮು ಕೊಟ್ಟಿದಾರೆ. ನೀರೂ ಸಾಲಲ್ಲ. ಕೆಸರು ಬೇಕು ಅನ್ಸುತ್ತೆ. ನಂಗೆ ಹುಚ್ಚು ಹಿಡೀತಾ ಇದೆಯೇನೋ."

ಅವರು ತೋಳು ಎತ್ತಿ ತೋರಿಸಿದರು. ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಸೀಳಿತ್ತು. ಬಯ್ಯಲು ಬಂದ ಮಾತೆಲ್ಲ ಮರೆತು ನಾನು ಕಲ್ಲಿನ ಮೇಲೆ ಕೂತೆ. ಏನು ಅಗಿಯುತ್ತಿದ್ದೀರಿ ಎಂದು ಕೇಳಿದರೆ ಬಾಯಲ್ಲಿ ಏನೂ ಇಲ್ಲ, ಸುಮ್ಮನೆ, ಬೆಳಿಗ್ಗೆಯಿಂದ ಹೀಗೇ ಎಂದರು. ನಮ್ಮನೆಯ ಎಮ್ಮೆ ಹಿತ್ತಲಿನ ಗೂಟದಲ್ಲಿ ಇಡೀ ಬೇಸಿಗೆ ನಿಂತದ್ದು, ಅದರ ಮೈ ಬಿರಿದು ನಾನು ಬೇವಿನೆಣ್ಣೆ ಸವರಿದ್ದು ನೆನಪಾಯಿತು. ಹೊಸ್ತಿಲಿನ ಮೇಲೆ ಗಲ್ಲವಿಟ್ಟು ತೋರಣ ತಿಂದ ಆ ಮುಖವೂ ನೆನಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಸೌಟು ಕೆಳಗೆ ಬಿತ್ತು.

"ಅಯ್ಯೋ ನನ್ನವ್ವ! ನಿಮಗೆ ಪಾಲು ಬಂದಿತ್ತು ಮೇಡಂ. ನಾವೇ ಮೂಗು ಹಿಡ್ದು ಎಳ್ದು ಆಚೆಗೆ ಅಟ್ಟುದ್ವಿ."

ಅರ್ಥವಾದ ಮೇಲೆ ಅವರು ನಗಲಿಲ್ಲ. ತೊಟ್ಟಿಯ ಅಂಚು ಹಿಡಿದು ನೆಟ್ಟಗೆ ಕೂತು, "ಎಮ್ಮೆ ಮೊದಲು ಜೌಗಿನಲ್ಲಿ ಏನ್ ಮಾಡ್ತಿತ್ತು?" ಎಂದು ಕೇಳಿದರು. ಅದನ್ನು ಯಾರೂ ನನ್ನನ್ನು ಕೇಳಿದವರಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಏನು ಮಾಡುತ್ತಿತ್ತು? ಜೊಂಡಿನ ಎಳೆ ಚಿಗುರು ತಿನ್ನುತ್ತಿತ್ತು. ಬೇರು ಸಮೇತ ತುಳಿದು ಹಾಕುತ್ತಿತ್ತು. ಮಧ್ಯಾಹ್ನ ಹೊರಳಿ ಹೊರಳಿ ಗುಂಡಿ ಮಾಡುತ್ತಿತ್ತು, ಆ ಗುಂಡಿಯಲ್ಲಿ ತಿಳಿನೀರು ನಿಂತು ಮೀನು ಆಡುತ್ತಿದ್ದವು, ಅದರ ಕೊಂಬಿನ ಮೇಲೆಯೇ ಕೂತು ನಮ್ಮ ಮಿಂಚುಳ್ಳಿ ಆ ಮೀನು ಹಿಡಿಯುತ್ತಿತ್ತು. ಬೆಳ್ಳಕ್ಕಿ ಅದರ ಕಾಲಬುಡದಲ್ಲಿ, ಆಮೆ ಅದು ತೆರೆದ ಬಿಸಿಲಿನಲ್ಲಿ. ಇದೆಲ್ಲ ನಮ್ಮ ಕಣ್ಣೆದುರಿಗೆ ಇದ್ದದ್ದೇ. ಅವರವರ ಪಾಲಿನ ಮೇಲೆ ಮಾತ್ರ ಕಣ್ಣಿಟ್ಟು ಕೂತ ಊರಿಗೆ, ಎಲ್ಲರ ಹಟ್ಟಿಯಲ್ಲೂ ಇದ್ದ ಎಮ್ಮೆ ಕಾಣಲಿಲ್ಲ.

ಆ ವಾರವೇ ಮತ್ತೆ ಸಭೆ. ಮೇಡಂ ಒದ್ದೆ ಟವೆಲ್ಲು ಹೆಗಲಿಗೆ ಹೊದ್ದು ಬಂದಿದ್ದರು. ಎದ್ದು ನಿಂತು, "ನಾನು ಎಮ್ಮೆಯ ಕಡೆಯವಳು," ಎಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ದೇವೀರಮ್ಮ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಸತ್ತಿತು. ಮೇಡಂ ತಮ್ಮ ಮೈಯ ಉರಿ ಹೇಳಿದರು, ಗೂಟದ ಬೇಸರ ಹೇಳಿದರು, ಜೌಗಿನ ತಂಪು ಕೆಸರು ಕನಸಿನಲ್ಲಿ ಬರುತ್ತದೆ ಎಂದರು. ಹೇಳುತ್ತಾ ಹೇಳುತ್ತಾ ಅತ್ತೇ ಬಿಟ್ಟರು. ಎಮ್ಮೆಯ ದುಃಖ ಕೇಳಿ ಇಡೀ ಊರಿನ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡದ್ದನ್ನು ನೀವು ನಂಬಲಿಕ್ಕಿಲ್ಲ.

ಅವರು ಕೂತ ಮೇಲೆ ಹೊಂಬಾಳಯ್ಯ ಎದ್ದ. "ನಾನು ನೀರ್ನಾಯಿ ಕಡೆಯೋನು," ಎಂದ. "ಎಮ್ಮೆ ಮೇಲೆ ನಂಗೇನ್ ಕ್ವಾಪ ಇಲ್ಲ. ಎಮ್ಮೆ ಹಿಂದೆ ಮನುಷ್ಯ ಬತ್ತನೆ, ಮನುಷ್ಯನ ಟವಲ್ಲಲ್ಲಿ ಬಲೆ ಬತ್ತದೆ. ಅದು ನಂಗೆ ಭಯ." ಅಷ್ಟು ದಿನ ಅವನದು ಹಠ ಎಂದುಕೊಂಡಿದ್ದೆ. ನನ್ನ ಗಂಡನಿಗಾಗಿ ನನಗಿದ್ದ ಭಯ ಅವನಿಗೂ ತನ್ನ ಜೀವದ ಮೇಲೆ ಇತ್ತು.

ನಾನು ಎದ್ದೆ. "ನಾನು ಮಿಂಚುಳ್ಳಿ ಕಡೆಯೋಳು. ಎಮ್ಮೆ ಒಂದೇ ಹೋಗ್ಲಿ, ಕಾಯೋರು ಬ್ಯಾಡ. ಗೇಟ್‌ನಾಗೆ ಹೊಂಬಾಳಣ್ಣನೇ ನಿಂತ್ಕಳ್ಳಿ. ಅವನು ಯಾರನ್ ಬುಡ್ತನೋ ಅವ್ರೇ ಒಳಿಕ್ಕೆ."

"ಎಮ್ಮೆ ತಾವೇ ವಾಪಸ್ ಬತ್ತವಾ?" ಎಂದು ಪುಟ್ಟಮಲ್ಲು ಪದ್ಧತಿ ಮರೆತು ಬಾಯಿ ಹಾಕಿದ.

"ಹಾಲು ಕರೆಯೋ ಹೊತ್ಗೆ ಬತ್ತವೆ. ನಿನ್ನಂಗೆ ಊಟದ ಟೈಮು ಮರೆಯೋ ಜಾತಿ ಅಲ್ಲ ಅವು," ಎಂದಳು ದೇವೀರಮ್ಮ.

ಬೇಲಿ ಇದ್ದಲ್ಲೇ ಇರಲಿ, ಅದಕ್ಕೊಂದು ಎಮ್ಮೆಬಾಗಿಲು ಇರಲಿ ಎಂದಾಯಿತು. ಮೇಲಿನವರಿಗೆ ಏನು ಹೇಳುತ್ತೀರಿ ಎಂದು ಯಾರೋ ಕೇಳಿದರು. ಜೊಂಡು ತೆಗೆಯಲು ಯಂತ್ರ ಕೇಳಿದ್ದೆ, ಯಂತ್ರದ ಬದಲು ಎಮ್ಮೆ ಬಳಸುತ್ತೇನೆ ಎಂದು ಹೇಳುತ್ತೇನೆ, ಒಪ್ಪದಿದ್ದರೆ ಇಲ್ಲಿಗೆ ಕರೆಸಿ ಒಲೆ ಹೊತ್ತಿಸಿ ಕೂರಿಸುತ್ತೇನೆ ಎಂದರು ಮೇಡಂ. ಸಭೆ ಮುಗಿದದ್ದು ನಗುವಿನಲ್ಲಿ.

ಗೇಟು ತೆಗೆದ ಬೆಳಿಗ್ಗೆ ಮುಂದೆ ನಡೆದದ್ದು ದೇವೀರಮ್ಮನ ಅದೇ ಎಮ್ಮೆ. ಹೊಂಬಾಳಯ್ಯ ಒಂದೊಂದನ್ನೂ ತಡವಿ ನೋಡಿ, ಕೊರಳಿನ ಗಂಟೆಯೊಳಗೂ ಬೆರಳು ಹಾಕಿ ನೋಡಿ ಬಿಟ್ಟ. ಎಮ್ಮೆಗಳು ನೀರಿನ ಅಂಚಿನಲ್ಲಿ ಒಂದು ಕ್ಷಣ ನಿಂತು, ಆಮೇಲೆ ಜೊಂಡನ್ನು ಸೀಳಿಕೊಂಡು ಇಳಿದವು. ಮೊದಲ ಎಮ್ಮೆ ಕೆಸರಿಗೆ ಮೈಚೆಲ್ಲಿದಾಗ, ಗೇಟಿನ ಪಕ್ಕ ಟವೆಲ್ಲು ಹೊದ್ದು ನಿಂತಿದ್ದ ಮೇಡಂ ಕಣ್ಣು ಮುಚ್ಚಿ, "ಅಬ್ಬಾ," ಎಂದು ಎಷ್ಟು ಉದ್ದದ ಉಸಿರು ಬಿಟ್ಟರೆಂದರೆ, ನಮ್ಮೆಲ್ಲರ ಹೆಗಲೂ ಒಟ್ಟಿಗೆ ಇಳಿದವು. ಅಂದು ಅವರು ತೊಟ್ಟಿಗೆ ಇಳಿಯಲಿಲ್ಲ.

ಆದರೆ ಜೊಂಡು ಒಂದು ದಿನದಲ್ಲಿ ಹೋಗುವುದಲ್ಲ, ನನ್ನ ಗಂಡನ ಕಾಲು ಕಾಯುವುದಲ್ಲ. ಎಮ್ಮೆಗಳು ಮಾಡಿದ ದಾರಿಗಳಲ್ಲಿ ನೀರು ಅಷ್ಟಷ್ಟೇ ಬಾಯಿ ಬಿಡುತ್ತಿದ್ದಾಗಲೇ ಸಂತೆಯ ದಿನ ಬಂದುಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ಇವರು ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ. ಹಿಡಿದುಕೊಳ್ಳಲು ನಾನೊಬ್ಬಳು ಸಾಲುವುದಿಲ್ಲ ಎಂಬುದು ಹೆಜ್ಜಾರ್ಲೆಯವರ ದಿನದಿಂದ ನನಗೆ ಗೊತ್ತು. ಆದರೂ ಚೀಲದ ಒಂದು ಕಿವಿ ಹಿಡಿದುಕೊಂಡು ನಿಂತೆ. ಬಸ್ಸು ಬಂತು, ಸಂತೆಯವರು ಇಳಿದರು. ಕಂಡಕ್ಟರು ನಮ್ಮೂರನ್ನು ಬಲ್ಲವನು. ಇವರ ಮುಖ ನೋಡಿ, ನನ್ನ ಮುಖ ನೋಡಿ, ಸೀಟಿ ಊದದೆ ನಿಂತ. ಇವರು ಒಂದು ಕಾಲು ಮೆಟ್ಟಿಲಿನ ಮೇಲೆ ಇಟ್ಟರು.

"ರೀ," ಎಂದೆ. ಮೂವತ್ತು ವರ್ಷ ಇಷ್ಟು ಮಾತಾಡಿದವಳಿಗೆ ಆಗ ಅದಕ್ಕಿಂತ ಹೆಚ್ಚು ಬರಲಿಲ್ಲ.

ಅವರು ಕತ್ತು ಓರೆ ಮಾಡಿ ಜೌಗಿನ ಕಡೆ ನೋಡಿದರು. ಅಲ್ಲಿ ನನಗೆ ಜೊಂಡು ಮಾತ್ರ ಕಂಡಿತು, ಅದರ ನಡುವೆ ಒಂದು ಕೊಂಬು. ಅವರು ನೋಡುತ್ತಲೇ ಇದ್ದರು. ಆಮೇಲೆ ಅವರ ಭುಜ ಜಗ್ಗಿತು, ಗಂಟಲು ಏನನ್ನೋ ನುಂಗಿದಂತೆ ಮೇಲೆ ಹೋಗಿ ಕೆಳಗೆ ಬಂತು. ಮೆಟ್ಟಿಲಿನ ಮೇಲಿದ್ದ ಕಾಲನ್ನು ಕೆಳಗಿಟ್ಟು, ಚೀಲದ ಇನ್ನೊಂದು ಕಿವಿಯನ್ನೂ ನನ್ನ ಕೈಗೆ ಕೊಟ್ಟು, ಮನೆಯ ಕಡೆ ನಡೆದರು. ಕಂಡಕ್ಟರು ಸೀಟಿ ಊದಿದ.

ಮೆಸ್ಸಿನಲ್ಲಿ ತಮ್ಮ ಮಾಮೂಲಿ ಮೂಲೆಯಲ್ಲಿ ಕೂತರು. ನಾನು ತಟ್ಟೆಗೆ ಎರಡು ಇಡ್ಲಿ ಹಾಕಿ, ಅಭ್ಯಾಸಬಲದಿಂದ ಪಾತ್ರೆಯನ್ನೇ ಪಕ್ಕದಲ್ಲಿಟ್ಟುಕೊಂಡು ಕಾದು ನಿಂತೆ. ಒಂದನ್ನು ಅವಸರವಿಲ್ಲದೆ ತಿಂದರು. ಎರಡನೆಯದರಲ್ಲಿ ಅರ್ಧ ತಿಂದರು. ನಾನು ಪಾತ್ರೆಗೆ ಕೈ ಹಾಕಿದೆ. ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟರು.

"ಸಾಕು ಕಣೆ," ಎಂದರು.

ನನ್ನ ಅಡುಗೆಯನ್ನು ತಟ್ಟೆಯಲ್ಲಿ ಬಿಟ್ಟು ಎದ್ದವರನ್ನು ನಾನು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ. ಅಂದು ಅವರು ಕೈ ತೊಳೆಯಲು ಎದ್ದು ಹೋದ ಮೇಲೆ ಅವರ ಜಾಗದಲ್ಲಿ ಕೂತು, ಅಳುತ್ತಾ, ಉಳಿದ ಆ ಅರ್ಧ ಇಡ್ಲಿಯನ್ನು ನಾನು ತಿಂದೆ.